ಹನ್ನೊಂದು ದಿನದ ಜೋಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ರೈತನು ಮಳೆಗಾಲವನ್ನು ತಿಂಗಳಿನಿಂದ ಎಣಿಸುವುದಿಲ್ಲ, ನಕ್ಷತ್ರದಿಂದ ಎಣಿಸುತ್ತಾನೆ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಸಾಗುವ ಈ ಲೆಕ್ಕದಲ್ಲಿ ಒಂದೊಂದು ಮಳೆಗೆ ಹದಿಮೂರೋ ಹದಿನಾಲ್ಕೋ ದಿನ. ಒಂದು ಮಳೆ ಕೈಕೊಟ್ಟರೆ ಹೇಗೋ ತಡೆದುಕೊಳ್ಳಬಹುದು. ಬೆನ್ನಿಗೇ ಇನ್ನೊಂದೂ ಕೈಕೊಟ್ಟರೆ ಎರೆ ಹೊಲ ಬಾಯಿ ಬಿಡುತ್ತದೆ, ಮೆಣಸಿನ ಸಸಿ ತಲೆ ಬಾಗಿಸುತ್ತದೆ. ಓದುಗರು ಈ ಹದಿನಾಲ್ಕು ದಿನದ ಅಳತೆಯನ್ನು ನೆನಪಿನಲ್ಲಿಡಬೇಕು. ಆಕಾಶದಲ್ಲಿ ಒಂದೇ ದಾರಿ ಹಿಡಿದು ಸುತ್ತಿದ ಎರಡು ಉಪಗ್ರಹಗಳನ್ನು ಇದೇ ಅಳತೆಗೋಲಿನಿಂದ ಅಳೆಯಬೇಕಾಗಿದೆ.

ಭೂಮಿಯನ್ನು ನೋಡುವ ಉಪಗ್ರಹ ಉತ್ತರ ದಕ್ಷಿಣವಾಗಿ ಸುತ್ತುತ್ತದೆ. ಕೆಳಗೆ ಭೂಮಿ ಪೂರ್ವಕ್ಕೆ ತಿರುಗುತ್ತಿರುತ್ತದೆ. ಆದ್ದರಿಂದ ಸುತ್ತು ಸುತ್ತಿಗೂ ಬೇರೊಂದು ಪಟ್ಟಿ ಅದರ ಕಣ್ಣಿಗೆ ಬೀಳುತ್ತದೆ. ಎಲ್ಲ ಪಟ್ಟಿಗಳೂ ಮುಗಿದು ಮೊದಲಿನದಕ್ಕೆ ಮರಳಲು ಅಮೆರಿಕದವರು 1972ರಲ್ಲಿ ಹಾರಿಸಿದ ಮೊದಲ ಲ್ಯಾಂಡ್‌ಸ್ಯಾಟಿಗೆ 18 ದಿನ ಬೇಕಾಗುತ್ತಿತ್ತು. 1975ರಲ್ಲಿ ಎರಡನೆಯದನ್ನು ಕಳುಹಿಸಿ, ಎರಡೂ ಸೇರಿ 9 ದಿನಕ್ಕೊಮ್ಮೆ ಅದೇ ನೆಲವನ್ನು ಕಾಣುವಂತೆ ಹೊಂದಿಸಿದರು.

ಅದೇ 1975ರಲ್ಲಿ ನಮ್ಮ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ತಯಾರಾದ ಆರ್ಯಭಟ ಗಗನಕ್ಕೇರಿತು. ಅದರ ಮುಂದಾಳು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ, 1988ರ ಮಾರ್ಚ್ 17ರಂದು, ಬೆಂಗಳೂರಿನಲ್ಲಿ ಕಟ್ಟಿದ ಐ.ಆರ್.ಎಸ್.-1ಎ ಸೋವಿಯೆತ್ ರಾಕೆಟ್ಟನ್ನೇರಿ ಬೈಕನೂರಿನಿಂದ ಹೊರಟಿತು. 904 ಕಿಲೋಮೀಟರು ಎತ್ತರ, ಒಂದು ಸುತ್ತಿಗೆ 103 ನಿಮಿಷ. ಅದರ ಒಂದು ಕ್ಯಾಮೆರಾಕ್ಕೆ 148 ಕಿಲೋಮೀಟರು ಅಗಲದ ನೆಲ ಕಾಣುತ್ತಿತ್ತು. ನಮ್ಮ ಮೂರೂ ಊರುಗಳು ಒಂದೇ ನೋಟದಲ್ಲಿ ಅಡಕವಾಗುವಷ್ಟು ಅಗಲ! ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆಸೆಯುತ್ತದೆ. ಬಾಡಿದ ಬೆಳೆಯಲ್ಲಿ ಈ ಅಂತರ ಕುಗ್ಗುತ್ತದೆ. ಎರಡನ್ನೂ ಅಳೆದರೆ ಹೊಲದ ಸ್ಥಿತಿ ತಿಳಿಯುತ್ತದೆ.

ಆದರೆ ಅದು ಮರಳಿ ಬರಲು 22 ದಿನ. ಬಂದ ದಿನ ಬೆಳಗಿನ ಹತ್ತೂವರೆಯ ಹೊತ್ತಿಗೆ ಮೋಡ ಕವಿದಿದ್ದರೆ ಮತ್ತೆ 22 ದಿನ ಕಾಯಬೇಕು. ಅಷ್ಟರಲ್ಲಿ ಮೂರು ಮಳೆಗಳ ಕಾಲ ಕಳೆದುಹೋಗುತ್ತದೆ. ಗೋವಿನ ಜೋಳದ ಆಯುಷ್ಯವಾದರೂ ಎಷ್ಟು? ನಾಲ್ಕು ತಿಂಗಳಿಗಿಂತ ಕಡಿಮೆ. ತಡವಾಗಿ ತಿಳಿದ ಬರ ಕಾಗದದ ಮೇಲಿನ ಬರ ಮಾತ್ರ.

1991ರ ಆಗಸ್ಟ್ 29ರಂದು ಅದೇ ಅಚ್ಚಿನ ಐ.ಆರ್.ಎಸ್.-1ಬಿ ಹೊರಟಿತು. ಅದನ್ನು ಅಣ್ಣನ ದಾರಿಯಲ್ಲೇ, ಆದರೆ 11 ದಿನ ಹಿಂದುಮುಂದಾಗಿ ನಿಲ್ಲಿಸಿದರು. 22 ದಿನಕ್ಕೆ 307 ಸುತ್ತು, ಅದರರ್ಧ ನೂರೈವತ್ತಮೂರೂವರೆ. ಆ ಅರೆಸುತ್ತಿನಲ್ಲಿಯೇ ಗುಟ್ಟಿದೆ: ಲೆಕ್ಕದಂತೆ, ಒಂದು ಭೂಮಿಯ ಈಚೆಗಿರುವಾಗ ಇನ್ನೊಂದು ಆಚೆಗಿರಬೇಕು. ಒಂದರ ಮುಖ ಇನ್ನೊಂದು ನೋಡದು, ಆದರೂ ಕೆಲಸ ಒಂದೇ. ಈಗ ಒಂದು ಮಳೆಯ ಅವಧಿಯೊಳಗೆ ಒಮ್ಮೆಯಾದರೂ ನಮ್ಮ ಹೊಲಗಳ ಮೇಲೆ ಕಣ್ಣು ಹಾಯುವಂತಾಯಿತು. ಮೂರು ವರ್ಷ ಬಾಳಲೆಂದು ಮಾಡಿದ್ದ ಅಣ್ಣ 1996ರವರೆಗೆ ದುಡಿಯಿತು, ತಮ್ಮ 2003ರವರೆಗೆ.

ಆ ದಿನಗಳಲ್ಲಿ ಈ ಮೂರೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಕಲಘಟಗಿಯ ಮಲೆನಾಡ ಸೆರಗಿನಿಂದ ರೋಣದ ಒಣ ಬಯಲಿನವರೆಗೆ ಹಬ್ಬಿದ್ದ ಜಿಲ್ಲೆಗೆ ಒಂದೇ ಸರಾಸರಿ ಕಟ್ಟಿದರೆ ಬ್ಯಾಡಗಿಯ ಕಷ್ಟ ಅದರಲ್ಲಿ ಎಲ್ಲಿ ಕಾಣಬೇಕು? ಸಣ್ಣದನ್ನು ಬಿಡಿಸಿ ನೋಡುವ ಕಣ್ಣು ಬೇಕಾದುದು ಇದಕ್ಕೇ.

ದೂರದೂರ ನಿಲ್ಲದೆ ಬೆನ್ನುಬೆನ್ನಿಗೇ ಹೋಗುವ ಇನ್ನೊಂದು ಬಗೆಯೂ ಉಂಟು. ಕೂರಿಗೆಯ ಹಿಂದೆಯೇ ಕುಂಟೆ ಹೋಗದಿದ್ದರೆ ಸಾಲಿನ ಹಸಿ ಆರಿಹೋಗುವುದಿಲ್ಲವೆ? ಮೋಡದ ವಿಷಯವೂ ಹಾಗೆಯೇ. ನಿಮಿಷದಲ್ಲಿ ರೂಪ ಬದಲಿಸುವ ಅದನ್ನು ಹಲವು ಉಪಕರಣಗಳು ಒಟ್ಟೊಟ್ಟಿಗೆ ನೋಡಬೇಕು. ಅದಕ್ಕಾಗಿ ಅಮೆರಿಕವೂ ಅದರ ಜೊತೆಗಾರ ದೇಶಗಳೂ 705 ಕಿಲೋಮೀಟರು ಎತ್ತರದಲ್ಲಿ ‘ಎ-ಟ್ರೇನ್’ ಎಂಬ ಸಾಲನ್ನು ಕಟ್ಟಿದವು. ಸ್ಥಳೀಯ ಕಾಲಮಾನ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಸಮಭಾಜಕ ವೃತ್ತವನ್ನು ದಾಟುವ ಸಾಲು ಅದು. 2002ರ ಆಕ್ವಾ, 2004ರ ಔರಾ, ಬಳಿಕ 2006ರ ಏಪ್ರಿಲ್ 28ರಂದು ಒಂದೇ ರಾಕೆಟ್ಟಿನಲ್ಲಿ ಹೊರಟ ಕ್ಲೌಡ್‌ಸ್ಯಾಟ್ ಮತ್ತು ಕ್ಯಾಲಿಪ್ಸೋ. ಮೊದಲನೆಯದರ ರೇಡಾರು ಮೋಡದ ಹೊಟ್ಟೆಯನ್ನು ನೋಡಿದರೆ, ಹದಿನೈದು ಸೆಕೆಂಡಿನೊಳಗೆ ಎರಡನೆಯದರ ಲೇಸರ್ ಕಿರಣ ಅದೇ ಮೋಡದ ತೆಳುಪದರಗಳನ್ನು ಅಳೆಯುತ್ತಿತ್ತು. ಸಾಲಿಗೆ ಸೇರಬೇಕಾಗಿದ್ದ ಎರಡು ಉಪಗ್ರಹಗಳು 2009 ಮತ್ತು 2011ರಲ್ಲಿ ಕಕ್ಷೆ ಮುಟ್ಟದೆ ನಷ್ಟವಾದವು. 2011ರಲ್ಲಿ ಬ್ಯಾಟರಿ ಕೆಟ್ಟ ಕ್ಲೌಡ್‌ಸ್ಯಾಟ್ ಸಾಲು ಬಿಟ್ಟಿತು. ಮರುವರ್ಷ ಮರಳಿ, ಹಗಲಿನಲ್ಲಿ ಮಾತ್ರ ಕೆಲಸ ಮಾಡಿತು. 2018ರಲ್ಲಿ ಈ ಜೋಡಿ ಕೆಳಗಿಳಿಯಿತು. 2023ರಲ್ಲಿ ಎರಡರ ಕೆಲಸವೂ ಮುಗಿಯಿತು.

ಕೀರ್ತಿ ಆ ಸಾಲಿಗೆ ಹೆಚ್ಚು. ಆದರೂ ಬ್ಯಾಡಗಿಯ ಹೊಲಕ್ಕೆ ಹತ್ತಿರದ ನಂಟು ಬೆಂಗಳೂರಿನ ಜೋಡಿಯದೇ ಎಂದು ನನ್ನ ಎಣಿಕೆ. 2011ರ ರಿಸೋರ್ಸ್‌ಸ್ಯಾಟ್-2 ಮತ್ತು 2016ರ 2ಎ ಅದೇ ಸಂಪ್ರದಾಯದವು. ಒಂದೊಂದಕ್ಕೆ 24 ದಿನದ ಸುತ್ತು, ಎರಡೂ ಸೇರಿದರೆ 12. ಆರಿದ್ರಾ, ಪುನರ್ವಸುವಿನ ದಟ್ಟ ಮೋಡ ಮುಚ್ಚಿದಾಗ ಮಾತ್ರ ಇವೂ ಕುರುಡು. ಆ ಕೊರತೆಗಾಗಿ 2012ರಲ್ಲಿ ರಿಸ್ಯಾಟ್-1, 2022ರ ಫೆಬ್ರವರಿಯಲ್ಲಿ ಇ.ಓ.ಎಸ್.-04 ಹಾರಿದವು. ಇವುಗಳ ರೇಡಾರು ಮೋಡವನ್ನು ತೂರಿ, ಹಗಲಿರುಳೆನ್ನದೆ ನೆಲದ ಹಸಿಯನ್ನು ಗುರುತಿಸಬಲ್ಲುದು.