ಹೊಸ್ತಿಲೊಳಗಿನ ಸ್ವಾತಂತ್ರ್ಯ

ಒಂದು ರಾಜ್ಯವು ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಅರಿಯಲು ಅದರ ಸೈನ್ಯವನ್ನಾಗಲಿ ಬೊಕ್ಕಸವನ್ನಾಗಲಿ ನೋಡಬೇಕಾಗಿಲ್ಲ. ನಡುರಾತ್ರಿಯಲ್ಲಿ ಒಬ್ಬ ಸಾಮಾನ್ಯ ಗೃಹಸ್ಥನ ಬಾಗಿಲನ್ನು ಯಾರು ತಟ್ಟಬಹುದು, ಯಾವ ಅಧಿಕಾರದಿಂದ ತಟ್ಟಬಹುದು ಎಂದು ವಿಚಾರಿಸಿದರೆ ಸಾಕು. ಆ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿ ಆ ರಾಜ್ಯದ ಧರ್ಮಾಧರ್ಮಗಳೆಲ್ಲವೂ ಅಡಗಿರುತ್ತವೆ.

ಪ್ರಜೆಯ ಮೇಲೆ ಪ್ರಭುತ್ವವು ಕಣ್ಣಿಡುವುದು ಹೊಸ ಸಂಗತಿಯೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಗೃಹಸ್ಥ, ವರ್ತಕ, ತಾಪಸ ಮೊದಲಾದ ವೇಷಗಳಲ್ಲಿ ಗೂಢಚಾರರನ್ನು ನೇಮಿಸುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲಿ ಈ ಕಾರ್ಯಕ್ಕೆ ಕಾನೂನಿನ ಕಟ್ಟು ಒದಗಿತು. 1885ರ ಟೆಲಿಗ್ರಾಫ್ ಕಾಯಿದೆ ತಂತಿ ಸಂದೇಶಗಳನ್ನು ತಡೆದು ನೋಡುವ ಅಧಿಕಾರವನ್ನೂ, 1898ರ ಅಂಚೆ ಕಚೇರಿ ಕಾಯಿದೆ ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟವು. 1947ರಲ್ಲಿ ಆಳುವವರು ಬದಲಾದರು. ಈ ಕಾಯಿದೆಗಳು ಬದಲಾಗಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 21ನೆಯ ಅನುಚ್ಛೇದವು ಜೀವಕ್ಕೂ ವೈಯಕ್ತಿಕ ಸ್ವಾತಂತ್ರ್ಯಕ್ಕೂ ರಕ್ಷಣೆ ನೀಡಿತಾದರೂ, ಖಾಸಗಿತನವೆಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಾಧೀಶರ ಪೀಠವು ಶೋಧನೆ ಮತ್ತು ಜಪ್ತಿಯ ಅಧಿಕಾರವನ್ನು ಎತ್ತಿಹಿಡಿದು, ಅಂತಹ ಹಕ್ಕನ್ನು ಸಂವಿಧಾನದಲ್ಲಿ ಓದಿಕೊಳ್ಳಲು ಅವಕಾಶವಿಲ್ಲವೆಂದು ಹೇಳಿತು.

ಈ ಚರ್ಚೆ ಪುಸ್ತಕದ ಪುಟದಿಂದ ಮನೆಯ ಹೊಸ್ತಿಲಿಗೆ ಬಂದುದು ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬ ವ್ಯಕ್ತಿಯ ಮೂಲಕ. 1941ರಲ್ಲಿ ಒಂದು ಡಕಾಯಿತಿ ಪ್ರಕರಣದಲ್ಲಿ ಈತನ ಬಂಧನವಾಗಿತ್ತು. ಸಾಕ್ಷ್ಯಾಧಾರವಿಲ್ಲದುದರಿಂದ ಬಿಡುಗಡೆಯೂ ಆಯಿತು. ಆದರೆ ಪೊಲೀಸರು ಈತನ ಹೆಸರಿನಲ್ಲಿ ಚರಿತ್ರೆಯ ಹಾಳೆಯೊಂದನ್ನು ತೆರೆದರು. ಅಲ್ಲಿಂದ ಮುಂದೆ ಪೇದೆಗಳೂ ಊರಿನ ಚೌಕಿದಾರರೂ ಅಪರಾತ್ರಿಯಲ್ಲಿ ಬಂದು ಬಾಗಿಲು ಬಡಿದು, ಕೂಗಿ ಎಬ್ಬಿಸಿ, ಈತನು ಒಳಗಿರುವನೇ ಎಂದು ಪರೀಕ್ಷಿಸುತ್ತಿದ್ದರು. ಬೇರೆ ಊರಿಗೆ ಹೋಗಬೇಕಾದರೆ ಚೌಕಿದಾರನಿಗೆ ತಿಳಿಸಿಯೇ ಹೋಗಬೇಕಿತ್ತು. ನ್ಯಾಯಾಲಯದ ಮುಂದೆ ಯಾವ ಅಪರಾಧವೂ ಸಿದ್ಧವಾಗದ ಮನುಷ್ಯನೊಬ್ಬನು ಮನೆಯಲ್ಲಿದ್ದೂ ಸೆರೆಯಲ್ಲಿದ್ದಂತೆ ಬದುಕಬೇಕಾಯಿತು.

1962ರ ಡಿಸೆಂಬರ್ 18ರಂದು ಆರು ನ್ಯಾಯಾಧೀಶರ ಪೀಠವು ತೀರ್ಪು ನೀಡಿತು. ರಾತ್ರಿಯ ಮನೆಭೇಟಿಗೆ ಅವಕಾಶ ಕೊಟ್ಟಿದ್ದ ಪೊಲೀಸ್ ನಿಯಮವನ್ನು ಬಹುಮತವು ರದ್ದುಮಾಡಿತು. ಆದರೆ ಖಾಸಗಿತನವು ಸಂವಿಧಾನವು ಖಾತರಿ ನೀಡಿದ ಹಕ್ಕಲ್ಲವೆಂದು ಹೇಳಿ ಉಳಿದ ನಿಗಾ ಕ್ರಮಗಳನ್ನು ಹಾಗೆಯೇ ಬಿಟ್ಟಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಜೆ.ಸಿ. ಷಾ ಅವರು ಇದನ್ನು ಒಪ್ಪಲಿಲ್ಲ. ಸದಾ ಕಾವಲಿನ ಕಣ್ಣಿನಡಿಯಲ್ಲಿ ತಿರುಗಾಡುವವನಿಗೆ ಇಡೀ ದೇಶವೇ ಕಾರಾಗೃಹವಾಗುತ್ತದೆ, ಆದುದರಿಂದ ಖಾಸಗಿತನವು ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗ ಎಂಬುದು ಸುಬ್ಬರಾವ್ ಅವರ ವಿಚಾರದ ಸಾರ. ಕೈಕಾಲುಗಳಿಗೆ ಸಂಕೋಲೆ ತೊಡಿಸುವುದಷ್ಟೇ ಬಂಧನವಲ್ಲ; ಮನಸ್ಸಿನೊಳಗೆ ಭೀತಿಯನ್ನು ಬಿತ್ತುವುದೂ ಬಂಧನವೇ ಎಂಬ ಸೂಕ್ಷ್ಮವನ್ನು ಈ ಅಲ್ಪಮತದ ತೀರ್ಪು ಗುರುತಿಸಿತು.

ಹದಿಮೂರು ವರ್ಷಗಳ ತರುವಾಯ ಸ್ವಾತಂತ್ರ್ಯಕ್ಕೆ ಇನ್ನೂ ಕಠಿಣವಾದ ಪರೀಕ್ಷೆ ಒದಗಿತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಮರುದಿನ ಅಲ್ಲಿಯೇ ಬಂಧಿಸಲಾಯಿತು. 21ನೆಯ ಅನುಚ್ಛೇದದ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ರಾಷ್ಟ್ರಪತಿಯವರ ಆದೇಶವು ಅಮಾನತಿನಲ್ಲಿರಿಸಿತು. ಹಾಗಿದ್ದರೂ ಅಕ್ರಮ ಬಂಧನವನ್ನು ಪ್ರಶ್ನಿಸಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಧೈರ್ಯದಿಂದ ಹೇಳಿದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರ ಬಹುಮತದಿಂದ ಆ ತೀರ್ಪುಗಳನ್ನು ತಳ್ಳಿಹಾಕಿತು. ಅಧಿಕಾರಿಯೊಬ್ಬನು ಅಕ್ರಮವಾಗಿ ಒಬ್ಬನ ಪ್ರಾಣವನ್ನೇ ತೆಗೆದರೆ ಏನು ಪರಿಹಾರ ಎಂದು ವಿಚಾರಣೆಯ ಕಾಲದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಕೇಳಿದಾಗ, ಆದೇಶವು ಜಾರಿಯಲ್ಲಿರುವವರೆಗೆ ಪರಿಹಾರವಿಲ್ಲವೆಂದೇ ಸರ್ಕಾರದ ಪರ ವಕೀಲರು ಉತ್ತರಿಸಿದ್ದರು. ಭಿನ್ನಮತದ ತೀರ್ಪು ಬರೆದವರು ಖನ್ನಾ ಒಬ್ಬರೇ. ಅದರ ಬೆಲೆಯನ್ನೂ ಅವರು ತೆತ್ತರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗೊತ್ತಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು; ಖನ್ನಾ ರಾಜೀನಾಮೆ ಸಲ್ಲಿಸಿ ಹೊರಬಂದರು. ಮುಂದೆ 1978ರಲ್ಲಿ ಅಂಗೀಕಾರವಾದ 44ನೆಯ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ 21ನೆಯ ಅನುಚ್ಛೇದವನ್ನು ಅಮಾನತಿನಲ್ಲಿರಿಸಲಾಗದಂತೆ ಮಾಡಿತು.

ಬಾಗಿಲು ತಟ್ಟುವ ನಿಗಾವಣೆಗಿಂತ ಸದ್ದಿಲ್ಲದ ನಿಗಾವಣೆಯು ಹೆಚ್ಚು ಅಪಾಯಕರ. ಅದಕ್ಕೆ ಗುರಿಯಾದವನಿಗೆ ಅದರ ಸುಳಿವೇ ಇರುವುದಿಲ್ಲ. 1986ರಲ್ಲಿ ಸಂಸತ್ತು ಪತ್ರಗಳನ್ನು ತಡೆಯುವ ಅಧಿಕಾರವನ್ನು ವಿಸ್ತರಿಸುವ ಅಂಚೆ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಅದಕ್ಕೆ ಸಹಿ ಹಾಕಲೂ ಇಲ್ಲ, ಹಿಂದಿರುಗಿಸಲೂ ಇಲ್ಲ. ಹಾಗೆ ಉಳಿದ ಆ ಮಸೂದೆ ಕಾನೂನಾಗಲೇ ಇಲ್ಲ. 1988ರ ಆಗಸ್ಟ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಪದವಿಯನ್ನು ತೊರೆದರು. 1991ರ ಮಾರ್ಚ್‌ನಲ್ಲಿ, ರಾಜೀವ್ ಗಾಂಧಿಯವರ ನಿವಾಸದ ಬಳಿ ಹರಿಯಾಣದ ಇಬ್ಬರು ಪೊಲೀಸ್ ಪೇದೆಗಳು ನಿಗಾ ಇಟ್ಟಿದ್ದರೆಂಬ ವಿವಾದವು ಪ್ರಧಾನಿ ಚಂದ್ರಶೇಖರ್ ಅವರ ರಾಜೀನಾಮೆಯಲ್ಲಿ ಮುಗಿಯಿತು. ಬಲ್ಲಿದರ ವಿಷಯದಲ್ಲಿ ಸರ್ಕಾರಗಳೇ ಅಲುಗಾಡಿದವು. ಖರಕ್ ಸಿಂಗನಂಥವರ ಪಾಲಿಗೆ ಮಾತ್ರ ವರ್ಷಗಳ ವ್ಯಾಜ್ಯವೇ ಗತಿಯಾಗಿತ್ತು.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಮೊಕದ್ದಮೆಯಲ್ಲಿ 1996ರ ಡಿಸೆಂಬರ್ 18ರಂದು, ಅಂದರೆ ಖರಕ್ ಸಿಂಗ್ ತೀರ್ಪು ಬಂದು ಸರಿಯಾಗಿ 34 ವರ್ಷಗಳಾದ ದಿನ, ಸರ್ವೋಚ್ಚ ನ್ಯಾಯಾಲಯವು ದೂರವಾಣಿ ಸಂಭಾಷಣೆಯೂ ಖಾಸಗಿತನದ ವ್ಯಾಪ್ತಿಗೆ ಸೇರಿದುದೆಂದು ಸಾರಿತು. ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ, ಎರಡು ತಿಂಗಳ ಅವಧಿ, ಗರಿಷ್ಠ ಆರು ತಿಂಗಳ ಮಿತಿ, ಪುನರ್ವಿಮರ್ಶಾ ಸಮಿತಿ ಮೊದಲಾದ ಕಟ್ಟುಪಾಡುಗಳನ್ನೂ ವಿಧಿಸಿತು. ಆದರೆ ಆದೇಶ ಕೊಡುವವರೂ ಅದನ್ನು ಪರಿಶೀಲಿಸುವವರೂ ಸರ್ಕಾರದ ಅಧಿಕಾರಿಗಳೇ ಆಗಿ ಉಳಿದರು. ನ್ಯಾಯಾಧೀಶರ ಪೂರ್ವಾನುಮತಿ ಕಡ್ಡಾಯವಾಗಲಿಲ್ಲ.

ಈ ಕಥನದ ಮುಂದಿನ ಘಟ್ಟದಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಹೆಸರು ಅಚ್ಚಳಿಯದೆ ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತು ಯಾವ ಕಾನೂನನ್ನೂ ಮಾಡದಿರುವಾಗ ಜನರ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ಕೇವಲ ಸರ್ಕಾರಿ ಆದೇಶದ ಬಲದಿಂದ ಸಂಗ್ರಹಿಸಬಹುದೇ ಎಂಬುದು ಅವರ ಪ್ರಶ್ನೆ. 2015ರಲ್ಲಿ ಸರ್ಕಾರವು 1954 ಮತ್ತು 1962ರ ತೀರ್ಪುಗಳನ್ನೇ ಮುಂದಿಟ್ಟು, ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಒಮ್ಮತದಿಂದ ಆ ವಾದವನ್ನು ತಿರಸ್ಕರಿಸಿತು. ಸುಬ್ಬರಾವ್ ಅವರ ಅಲ್ಪಮತಕ್ಕೆ 55 ವರ್ಷಗಳ ಬಳಿಕ ಮಾನ್ಯತೆ ದೊರೆಯಿತು. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಪುತ್ರ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೇ ತಂದೆಯವರು ಸಹಮತಿಸಿದ್ದ ಆ ತೀರ್ಪು ಗಂಭೀರವಾದ ದೋಷದಿಂದ ಕೂಡಿದೆಯೆಂದು ಬರೆದರು. ಸತ್ಯದ ಮುಂದೆ ಪಿತೃಗೌರವವೂ ಅಡ್ಡಬರಬಾರದೆಂಬುದಕ್ಕೆ ಇದೊಂದು ನಿದರ್ಶನ.

ಆದರೂ ಹಕ್ಕಿನ ಘೋಷಣೆಯಿಂದಲೇ ಹಕ್ಕಿನ ರಕ್ಷಣೆ ಆಗುವುದಿಲ್ಲ. 2018ರ ಸೆಪ್ಟೆಂಬರ್ 26ರಂದು ನ್ಯಾಯಾಲಯವು ಬ್ಯಾಂಕ್ ಖಾತೆ ಹಾಗೂ ಮೊಬೈಲ್ ದೂರವಾಣಿಗಳಿಗೆ ಆಧಾರ್ ಜೋಡಣೆ ಕಡ್ಡಾಯವಲ್ಲವೆಂದು ತೀರ್ಮಾನಿಸಿತು. ಆದರೆ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿಯಿತು. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ತಾನು ಸೂಚಿಸಿದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದೇ ವರ್ಷದ ಅಂಚೆ ಮತ್ತು ದೂರಸಂಪರ್ಕ ಕಾಯಿದೆಗಳಲ್ಲಿಯೂ ಪತ್ರ ಮತ್ತು ಸಂದೇಶಗಳನ್ನು ತಡೆಯುವ ಅಧಿಕಾರ ಮುಂದುವರಿದಿದೆ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಅವರೆತ್ತಿದ ಪ್ರಶ್ನೆ ಉಳಿದಿದೆ.

ತಪ್ಪು ಮಾಡದವನಿಗೆ ಭಯವೇಕೆ ಎಂಬ ಮಾತು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಖರಕ್ ಸಿಂಗನ ಪ್ರಕರಣವೇ ಅದಕ್ಕೆ ಉತ್ತರ. ಆತನ ಮೇಲಿನ ಆರೋಪಕ್ಕೆ ಸಾಕ್ಷ್ಯ ಸಿಗಲಿಲ್ಲ. ಆದರೂ ರಾತ್ರಿಯ ನಿದ್ರೆ ಅವನದಾಗಿ ಉಳಿಯಲಿಲ್ಲ. ಇನ್ನೊಂದೆಡೆ, ಅಪರಾಧವನ್ನು ತಡೆದು ನಿರಪರಾಧಿಗಳ ಪ್ರಾಣವನ್ನು ಕಾಯುವುದು ರಾಜ್ಯದ ಕರ್ತವ್ಯ. ಅದಕ್ಕೆ ಮಾಹಿತಿಯೂ ಅಗತ್ಯ. 2017ರ ತೀರ್ಪು ಇದನ್ನು ಅಲ್ಲಗಳೆಯಲಿಲ್ಲ. ಕಾನೂನಿನ ಆಧಾರವಿರಬೇಕು, ಉದ್ದೇಶವು ನ್ಯಾಯಯುತವಾಗಿರಬೇಕು, ಅನುಸರಿಸುವ ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಅದರ ಅಳತೆಗೋಲು. ಪ್ರಭುತ್ವಕ್ಕೆ ಕಣ್ಣಿರಬಾರದೆಂದು ಇದರ ಅರ್ಥವಲ್ಲ. ಕಣ್ಣಿಗೆ ರೆಪ್ಪೆಯೂ ಇರಬೇಕೆಂದು ಅರ್ಥ. ಬಲವಿಲ್ಲದವನು ಸುಮ್ಮನಿರುವುದು ಸಂಯಮವೆನಿಸದು. ಬಲವುಳ್ಳವನು ತನ್ನ ಬಲಕ್ಕೆ ತಾನೇ ಎಲ್ಲೆ ಹಾಕಿಕೊಳ್ಳುವುದು ಸಂಯಮ. ವ್ಯಕ್ತಿಗೆ ಸಲ್ಲುವ ಈ ಮಾತು ರಾಜ್ಯಕ್ಕೂ ಸಲ್ಲುತ್ತದೆ. ಆ ಎಲ್ಲೆಯನ್ನು ರಾಜ್ಯವು ಮರೆತಾಗ ನೆನಪಿಸುವ ಹೊಣೆಯು ನ್ಯಾಯಾಧೀಶರದಷ್ಟೇ ಅಲ್ಲ, ಹೊಸ್ತಿಲೊಳಗೆ ನಿಶ್ಚಿಂತೆಯಿಂದ ಮಲಗಬಯಸುವ ಪ್ರತಿಯೊಬ್ಬ ಗೃಹಸ್ಥನದೂ ಆಗಿದೆ.