ಬಸ್ಸಿನಲ್ಲಿ ಬಂದ ಓಪನ್ ಆಫೀಸ್

2006ರ ಮಾತು. ಭದ್ರಾವತಿಯಲ್ಲಿ ನಮ್ಮ ಸೋದರಮಾವ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡರು. ವಿಂಡೋಸ್ ಎಕ್ಸ್‌ಪಿ, 128 ಎಂಬಿ ರ‍್ಯಾಮ್. ಇಂಟರ್ನೆಟ್ ಇಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲೇ ಅರ್ಜಿ, ಕರಾರುಪತ್ರ ಟೈಪ್ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸುವ ಯೋಚನೆ ಅವರದು. "ಇದರಲ್ಲಿ ಆಫೀಸೇ ಇಲ್ಲ ಕಣೋ, ಬಂದು ಹಾಕ್ಕೊಡು" ಅಂತ ಶಿವಮೊಗ್ಗಕ್ಕೆ ಫೋನ್ ಮಾಡಿದರು.

ಮೈಕ್ರೋಸಾಫ್ಟ್ ಆಫೀಸ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಕದ್ದ ಸಿಡಿ ಸುಲಭವಾಗಿ ಸಿಗುತ್ತಿತ್ತು, ಆದರೆ ಮಾವ ಅದಕ್ಕೆ ಒಪ್ಪುವವರಲ್ಲ. ಉಳಿದದ್ದು ಓಪನ್ ಆಫೀಸ್. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್ ಆಫೀಸನ್ನು ಸನ್ ಕಂಪನಿ 1999ರಲ್ಲಿ ಕೊಂಡು, 2000ದಲ್ಲಿ ಅದರ ಮೂಲ ಸಂಕೇತವನ್ನೇ ಬಿಟ್ಟುಕೊಟ್ಟಿತ್ತು. 2005ರ ಅಕ್ಟೋಬರಿನಲ್ಲಿ 2.0 ಆವೃತ್ತಿ ಬಂತು, ಸುಮಾರು 75 ಎಂಬಿ. ನನ್ನ ಡಯಲ್ ಅಪ್‌ನಲ್ಲಿ ಲೈನ್ ಒಮ್ಮೆಯೂ ಕಟ್ ಆಗದಿದ್ದರೂ ಮೂರು ಗಂಟೆ ಬೇಕು. ಕಟ್ ಆಗದ ದಿನ ಯಾವುದಿತ್ತು ಹೇಳಿ!

ಹಾಗಾಗಿ ಆಗ ತಂತ್ರಾಂಶ ಬರುತ್ತಿದ್ದದ್ದು ಪೋಸ್ಟಿನಲ್ಲಿ, ಬಸ್ಸಿನಲ್ಲಿ. ಡಿಜಿಟ್, ಪಿಸಿ ಕ್ವೆಸ್ಟ್, ಲಿನಕ್ಸ್ ಫಾರ್ ಯೂ ಪತ್ರಿಕೆಗಳನ್ನು ಎಷ್ಟೋ ಜನ ಕೊಳ್ಳುತ್ತಿದ್ದದ್ದೇ ಜೊತೆಗಿನ ಸಿಡಿಗಾಗಿ. ಉಬುಂಟುವಿನವರು 2005ರಿಂದ 2011ರವರೆಗೆ ಕೇಳಿದವರಿಗೆಲ್ಲ ಪುಕ್ಕಟೆ ಸಿಡಿ ಕಳಿಸುತ್ತಿದ್ದರು, ಅದರೊಳಗೆ ಓಪನ್ ಆಫೀಸ್ ಇರುತ್ತಿತ್ತು. ನನಗೂ ಪತ್ರಿಕೆಯ ಸಿಡಿಯೊಂದು ಗೆಳೆಯನಿಂದ ಸಿಕ್ಕಿತು. ಭಾನುವಾರ ಬಿ.ಎಚ್. ರಸ್ತೆಯಲ್ಲಿ ಬಸ್ ಹತ್ತಿದೆ.

ಹಾಕಿದ್ದು ಅರ್ಧ ಗಂಟೆ ಕೆಲಸ. ಜಾವಾ ಬೇಕು ಎಂದು ಕೇಳಿತು. ಬೇಸ್ ಮತ್ತು ಕೆಲವು ವಿಝಾರ್ಡುಗಳಿಗೆ ಮಾತ್ರ ಅದು ಬೇಕಿದ್ದದ್ದು, ಮಾವನಿಗೆ ರೈಟರ್ ಸಾಕು. ಕಾಫಿ ಕುಡಿದು ಕನ್ನಡ ಟೈಪ್ ಮಾಡಿ ನೋಡಿದರೆ ಎದೆ ಧಸಕ್ಕೆಂದಿತು. ಒತ್ತಕ್ಷರ ಒತ್ತಾಗುತ್ತಿಲ್ಲ, ಕೊಂಬು-ದೀರ್ಘ ಎಲ್ಲ ಬಿಡಿ ಬಿಡಿ.

ತಪ್ಪು ಓಪನ್ ಆಫೀಸಿನದಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇತ್ತು, ಆದರೆ ಅಕ್ಷರ ಕೂಡಿಸುವ ಕಡತಗಳು ತಾವಾಗಿಯೇ ಸ್ಥಾಪನೆಯಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಭಾಷೆಗಳ ಆಯ್ಕೆಯಲ್ಲಿ ಒಂದು ಟಿಕ್ ಹಾಕಬೇಕು. ಹಾಕಿದೊಡನೆ ಎಕ್ಸ್‌ಪಿ ಸಿಡಿ ಕೊಡು ಎನ್ನುತ್ತದೆ. ಬರೀ 10 ಎಂಬಿಯಷ್ಟರ ಸಾಮಾನು! ಕಂಪ್ಯೂಟರ್ ಮಾರಿದವನು ಸಿಡಿ ಕೊಟ್ಟಿರಲಿಲ್ಲ. ಜರ್ಮನಿಯಿಂದ ಹೊರಟದ್ದು ಭದ್ರಾವತಿಯವರೆಗೆ ಬಂತು, ಕನ್ನಡ ಮಾತ್ರ ಶಿವಮೊಗ್ಗದಲ್ಲೇ ಉಳಿಯಿತು. ವಿಸ್ಟಾ ಬರುವವರೆಗೆ ಈ ಗೋಳು ಎಷ್ಟು ಜನ ಅನುಭವಿಸಿದರೋ.

ಮುಂದಿನ ಭಾನುವಾರ ಎಕ್ಸ್‌ಪಿ ಸಿಡಿ ಹಿಡಿದು ಮತ್ತೆ ಹೋದೆ. ಅಷ್ಟರಲ್ಲಿ ಮಾವ ಯಾರಿಂದಲೋ ನುಡಿ ತರಿಸಿ ಹಾಕಿಸಿಕೊಂಡು ಕೆಲಸ ಶುರು ಮಾಡಿಬಿಟ್ಟಿದ್ದರು. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶಕ್ಕೆ ವಿಂಡೋಸ್ ಸಿಡಿಯ ಹಂಗಿರಲಿಲ್ಲ, ಫಾಂಟಿನೊಳಗೇ ಅಕ್ಷರದ ತುಂಡುಗಳು. "ಇದೇ ಚೆನ್ನಾಗಿದೆಯಲ್ಲೋ" ಅಂದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇದೆಲ್ಲ ಗೀಚು ಗೀಚಾಗಿ ಕಾಣುತ್ತೆ ಮಾವ, ಅಂತ ವಾದ ಮಾಡಿದೆ. ಅವರು ಗಿರಾಕಿಗಳಿಗೆ ಕೊಡುತ್ತಿದ್ದದ್ದು ಕಾಗದದ ಪ್ರಿಂಟ್, ನನ್ನ ವಾದಕ್ಕೆ ಬೆಲೆ ಎಲ್ಲಿ? ನನ್ನ ಸಮಾಧಾನಕ್ಕೆ ಸ್ವಂತ ಬರಹ, ಮನೆತನದ ಟಿಪ್ಪಣಿ ಮಾತ್ರ ಯೂನಿಕೋಡಿನಲ್ಲಿ ಬರೆದಿಟ್ಟರು.

ಈಗ ಮೈಕ್ರೋಸಾಫ್ಟಿನ ಆಫೀಸು ಮಾಮೂಲಾಗಿ ನೆಟ್‌ನಿಂದಲೇ ಇಳಿದು ಕೂರುತ್ತದೆ. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸ್ ಇನ್ನೂ ಒಂದೇ ಇಡೀ ಕಡತವಾಗಿ ಸಿಗುತ್ತದೆ. ಪೆನ್ ಡ್ರೈವಿನಲ್ಲಿ ಒಯ್ಯುವವರು ಸಹಾಯ ಪುಟಗಳ ಬೇರೆ ಕಡತವನ್ನು ಮರೆಯಬೇಡಿ.

ಕಳೆದ ವರ್ಷ ಮಾವನ ಮಗಳು ಆ ಹಳೆಯ ಹಾರ್ಡ್ ಡಿಸ್ಕ್ ತಂದುಕೊಟ್ಟಳು. ಯೂನಿಕೋಡಿನ ಟಿಪ್ಪಣಿಗಳು ಲಿಬ್ರೆ ಆಫೀಸಿನಲ್ಲಿ ಹಾಗ್ಹಾಗೇ ತೆರೆದುಕೊಂಡವು, ಒಂದು ಒತ್ತೂ ಕದಲಿಲ್ಲ. ನುಡಿಯಲ್ಲಿದ್ದವನ್ನು ಒಂದೊಂದಾಗಿ ಪರಿವರ್ತಿಸುತ್ತಾ ಕೂತಿದ್ದೇನೆ. ಅರ್ಕಾವೊತ್ತು ಬಂದಲ್ಲೆಲ್ಲ ಕೈಯಲ್ಲೇ ತಿದ್ದಬೇಕಾಗಿದೆ.