ಬೇಟೆಗಾರನ ಸುರಕ್ಷತೆ, ಬರಿದಾದ ನೆಲ

ಮಧ್ಯ ಆಫ್ರಿಕಾ ಗಣರಾಜ್ಯಕ್ಕೆ ಬೇಟೆಗೆ ಹೋಗುವುದು ಸುರಕ್ಷಿತವೇ? ಯುರೋಪ್ ಮತ್ತು ಅಮೆರಿಕದ ಸಿರಿವಂತ ಶಿಕಾರಿಗಳು ದಶಕಗಳಿಂದ ಕೇಳುತ್ತ ಬಂದ ಪ್ರಶ್ನೆಯಿದು. ಗಲಭೆಯೆಲ್ಲ ರಾಜಧಾನಿ ಬಾಂಗಿಯಲ್ಲಿ, ಬೇಟೆಯ ಶಿಬಿರವಿರುವುದು ನೂರಾರು ಕಿಲೋಮೀಟರ್ ದೂರದ ಕಾಡಿನಲ್ಲಿ, ಅಲ್ಲಿ ಜನವಸತಿಯೇ ಇಲ್ಲ, ಜನರಿಲ್ಲದ ಮೇಲೆ ಜಗಳವೆಲ್ಲಿಯದು ಎಂಬುದು ಸಮಾಧಾನದ ಉತ್ತರ. ಆದರೆ ಅಷ್ಟು ದೊಡ್ಡ ನೆಲದಲ್ಲಿ ಜನರೇಕಿಲ್ಲ? ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಮೊದಲನೆಯದಕ್ಕೆ ಉತ್ತರ ಸಿಗದು ಎಂಬುದು ನಮ್ಮ ಭಾವನೆ.

ಈ ದೇಶದ ವಿಸ್ತೀರ್ಣ ಸುಮಾರು 6.2 ಲಕ್ಷ ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರು ಪಟ್ಟಿಗೂ ಹೆಚ್ಚು. ಜನಸಂಖ್ಯೆ ಮಾತ್ರ ಸುಮಾರು 50 ಲಕ್ಷ. ಅದರಲ್ಲೂ ಪೂರ್ವ ಮತ್ತು ಈಶಾನ್ಯದ ಹುಲ್ಲುಗಾಡುಗಳಲ್ಲಿ ದಿನಗಟ್ಟಲೆ ನಡೆದರೂ ಒಂದು ಊರು ಎದುರಾಗದು. ಎತ್ತಿನ ಗಾತ್ರದ ದೈತ್ಯ ಎಲಾಂಡ್, ಪಟ್ಟೆಗಳ ಬೊಂಗೊ ಮುಂತಾದ ಪ್ರಾಣಿಗಳಿಗಾಗಿ ಶಿಕಾರಿಗಳು ಹುಡುಕಿಕೊಂಡು ಬರುತ್ತಿದ್ದುದು ಈ ದೇಶದ ಕಾಡುಗಳಿಗೇ. ಮನುಷ್ಯನ ಕೈ ಸೋಕದ ಆದಿಮ ಅರಣ್ಯ ಎಂದು ಅವರು ಇದನ್ನು ಬಣ್ಣಿಸಿದರು. ಇತಿಹಾಸ ಹೇಳುವುದೇ ಬೇರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶ ಗುಲಾಮರ ಬೇಟೆಯ ಮೈದಾನವಾಗಿತ್ತು. 1890ರಲ್ಲಿ ಸೇನಾನಾಯಕ ರಾಬಿಹ್‌ನ ಬೆಂಬಲದಿಂದ ದಾರ್ ಅಲ್-ಕುತಿಯ ಸುಲ್ತಾನನಾದ ಮುಹಮ್ಮದ್ ಅಲ್-ಸನೂಸಿ, ಎನ್‌ಡೆಲೆ ಪಟ್ಟಣದಲ್ಲಿ ಕುಳಿತು ಸುತ್ತಲಿನ ಹಳ್ಳಿಗಳ ಮೇಲೆ ದಾಳಿ ಮಾಡಿಸಿದ. ಸೆರೆಸಿಕ್ಕವರನ್ನು ಉತ್ತರದ ಮಾರುಕಟ್ಟೆಗಳಿಗೆ ಸಾಗಿಸಲಾಯಿತು. ಹೀಗೆ ಊರುಗಳು ಊರುಗಳಾಗಿಯೇ ಅಳಿದುಹೋದವು. ಆತ ಮುಸ್ಲಿಂ ದೊರೆಯಾಗಿದ್ದ ಎಂಬ ಕಾರಣಕ್ಕೆ ಈ ಪುಟವನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಅನ್ಯಾಯ ಯಾರದೇ ಆಗಲಿ, ಅನ್ಯಾಯವೇ.

1911ರಲ್ಲಿ ಫ್ರೆಂಚರು ಸುಲ್ತಾನನನ್ನು ಕೊಂದರು. ಆದರೆ ಜನರ ಪಾಡು ಸುಧಾರಿಸಲಿಲ್ಲ. ಅದಕ್ಕೆ ಮೊದಲೇ, 1899ರಲ್ಲಿ, ಫ್ರಾನ್ಸ್ ತನ್ನ ಮಧ್ಯ ಆಫ್ರಿಕಾದ ನೆಲವನ್ನು ಖಾಸಗಿ ಕಂಪೆನಿಗಳಿಗೆ ಹಂಚಿಕೊಟ್ಟಿತ್ತು. ದೇಶದ ಹಲವೆಡೆ ಗಂಡಸರು ಕಾಡಿನಿಂದ ರಬ್ಬರ್ ತರುವವರೆಗೆ ಹೆಂಗಸರನ್ನೂ ಮಕ್ಕಳನ್ನೂ ಒತ್ತೆ ಇಡಲಾಗುತ್ತಿತ್ತು. ಅಳಿದುಳಿದ ಹಳ್ಳಿಗಳನ್ನು ತೆರಿಗೆ ವಸೂಲಿಗೆ ಅನುಕೂಲವಾಗಲೆಂದು ರಸ್ತೆಗಳ ಬದಿಗೆ ಎಬ್ಬಿಸಿ ತಂದರು. ನಂತರ, 1930ರ ದಶಕದಲ್ಲಿ, ಬರಿದಾದ ಉತ್ತರದ ನೆಲದಲ್ಲಿ ವನ್ಯಪ್ರಾಣಿ ಉದ್ಯಾನಗಳು ಹುಟ್ಟಿಕೊಂಡವು. ಮೊದಲು ಮನುಷ್ಯರ ಬೇಟೆಯಾಯಿತು, ಪ್ರಾಣಿಗಳ ಬೇಟೆಗೆ ನೆಲ ಸಜ್ಜಾದದ್ದು ಆಮೇಲೆ.

1960ರಲ್ಲಿ ದೇಶ ಸ್ವತಂತ್ರವಾಯಿತು. ಹಳೆಯ ಒಡೆಯರು ಮಾತ್ರ ಕೋವಿ ಹೊತ್ತು ಬರುತ್ತಲೇ ಇದ್ದರು. ಫ್ರಾನ್ಸಿನ ಅಧ್ಯಕ್ಷರಾಗಿದ್ದ ವಾಲೆರಿ ಜಿಸ್ಕಾರ್ ದೆಸ್ತೇಂ ಅವರಿಗೆ ಇಲ್ಲಿನ ಬೇಟೆಯೆಂದರೆ ಬಹಳ ಪ್ರೀತಿ. ಕ್ಷಿಪ್ರಕ್ರಾಂತಿಯಿಂದ ಅಧಿಕಾರ ಹಿಡಿದ ಬೊಕಾಸ್ಸಾ ಅವರ ಆತಿಥೇಯ. 1977ರ ಡಿಸೆಂಬರ್‌ನಲ್ಲಿ ಈ ಬೊಕಾಸ್ಸಾ ಚಕ್ರವರ್ತಿಯೆಂದು ತನಗೆ ತಾನೇ ಕಿರೀಟ ತೊಟ್ಟುಕೊಂಡ. 1979ರಲ್ಲಿ ಸಮವಸ್ತ್ರದ ವಿಚಾರದಲ್ಲಿ ಆರಂಭವಾದ ವಿದ್ಯಾರ್ಥಿಗಳ ಪ್ರತಿಭಟನೆ ರಕ್ತದಲ್ಲಿ ಕೊನೆಗೊಂಡಿತು. ಆ ಏಪ್ರಿಲ್‌ನಲ್ಲಿ ಬಾಂಗಿಯ ಜೈಲಿನಲ್ಲಿ ಶಾಲಾಮಕ್ಕಳು ಸತ್ತರು. ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಸೈನ್ಯವೇ ಬಂದು ಆತನನ್ನು ಕೆಳಗಿಳಿಸಿತು. ಮರುತಿಂಗಳು, ಜಿಸ್ಕಾರ್ ಹಣಕಾಸು ಸಚಿವರಾಗಿದ್ದಾಗ 1973ರಲ್ಲಿ ಬೊಕಾಸ್ಸಾನಿಂದ ವಜ್ರಗಳ ಉಡುಗೊರೆ ಪಡೆದಿದ್ದರೆಂದು ಪ್ಯಾರಿಸಿನ ಪತ್ರಿಕೆಯೊಂದು ಬಯಲಿಗೆಳೆಯಿತು. 1981ರ ಚುನಾವಣೆಯಲ್ಲಿ ಜಿಸ್ಕಾರ್ ಸೋತರು. ಆ ವರ್ಷಗಳಲ್ಲಿ ಮಧ್ಯ ಆಫ್ರಿಕಾ ಬೇಟೆಗಾರರಿಗೆ ಸುರಕ್ಷಿತವಾಗಿತ್ತು, ಶಾಲಾಮಕ್ಕಳಿಗೆ ಆಗಿರಲಿಲ್ಲ.

ಸುರಕ್ಷತೆಗೂ ಒಂದು ಬೆಲೆಯಿದೆ ಎಂಬುದನ್ನು ಸಫಾರಿ ಉದ್ಯಮ ತೋರಿಸಿಕೊಟ್ಟಿತು. ಬಾಂಗಿಯಿಂದ ಬಾಡಿಗೆಯ ಪುಟ್ಟ ವಿಮಾನ, ಶಿಬಿರದ ಪಕ್ಕದಲ್ಲೇ ಮಣ್ಣಿನ ಓಡುದಾರಿ, ಉಪಗ್ರಹ ಫೋನು, ತುರ್ತಾಗಿ ಹೊರಗೆ ಕರೆದೊಯ್ಯಲು ವಿಮೆ. ಪರಿಸ್ಥಿತಿ ಬಿಗಡಾಯಿಸಿದರೆ ಅತಿಥಿ ಹಾರಿಹೋಗಬಹುದು. ಎಲಾಂಡ್‌ನ ಗೊರಸಿನ ಗುರುತು ಹಿಡಿದು ಬಿಸಿಲಲ್ಲಿ ಗಂಟೆಗಟ್ಟಲೆ ಮುಂದೆ ನಡೆದವರಿಗೆ, ಅಡುಗೆಯವರಿಗೆ, ಕಾವಲುಗಾರರಿಗೆ ಆ ವಿಮಾನದಲ್ಲಿ ಜಾಗವಿದೆಯೇ? ಅವರ ಮನೆ ಇರುವುದೇ ಅಲ್ಲಿ.

ಉತ್ತರದ ಮನೊವೊ-ಗೌಂಡಾ ಸೇಂಟ್ ಫ್ಲೋರಿಸ್ ಉದ್ಯಾನವನ್ನು ಯುನೆಸ್ಕೋ 1988ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಗಡಿಯಾಚೆಯಿಂದ ಬಂದ ಶಸ್ತ್ರಸಜ್ಜಿತ ಕಳ್ಳಬೇಟೆಗಾರರು ಅಲ್ಲಿನ ಪ್ರಾಣಿಗಳನ್ನು ಕೊಳ್ಳೆ ಹೊಡೆದರು. 1997ರ ಆರಂಭದಲ್ಲಿ ಉದ್ಯಾನದ ನಾಲ್ವರು ಸಿಬ್ಬಂದಿಯ ಕೊಲೆಯಾಯಿತು. ಅದೇ ವರ್ಷ ಆ ತಾಣ ಅಪಾಯದಲ್ಲಿರುವ ಪರಂಪರೆಗಳ ಪಟ್ಟಿ ಸೇರಿತು.

2008ರಲ್ಲಿ ಉಗಾಂಡಾ ಮೂಲದ ಜೋಸೆಫ್ ಕೋನಿಯ ‘ದೇವರ ಪ್ರತಿರೋಧ ಸೇನೆ’ ಆಗ್ನೇಯದ ಓಬೋ ಪಟ್ಟಣದ ಮೇಲೆ ದಾಳಿ ಮಾಡಿ ಜನರನ್ನು ಹೊತ್ತೊಯ್ದಿತು. ಜನರಿಲ್ಲದ ಕಾಡು ಶಿಕಾರಿಗೆ ಹೇಗೋ, ಬಂದೂಕುಧಾರಿಗಳಿಗೂ ಹಾಗೆಯೇ ಅನುಕೂಲಕರ. 2012ರ ಮಾರ್ಚ್‌ನಲ್ಲಿ ಪೂರ್ವದ ಒಂದು ಬೇಟೆ ವಲಯದ ಬಳಿ 13 ಮಂದಿ ಚಿನ್ನದ ಗಣಿ ಕಾರ್ಮಿಕರ ಶವಗಳು ಸಿಕ್ಕವು. ಶಿಬಿರದ ವಿದೇಶಿಯರನ್ನು ಬಂಧಿಸಿ, ತಿಂಗಳುಗಳ ನಂತರ ಬಿಡುಗಡೆ ಮಾಡಲಾಯಿತು. ಸುದ್ದಿಯಾದದ್ದು ಹೆಚ್ಚಾಗಿ ಆ ವಿದೇಶಿಯರ ಪಾಡು. ಸತ್ತ ಹದಿಮೂರು ಮಂದಿಯ ಹೆಸರು ಎಷ್ಟು ಜನರಿಗೆ ಗೊತ್ತು?

2013ರ ಮಾರ್ಚ್‌ನಲ್ಲಿ ಬಹುತೇಕ ಮುಸ್ಲಿಮರಿದ್ದ ಸೆಲೆಕಾ ಬಂಡುಕೋರರು ಬಾಂಗಿಯನ್ನು ವಶಪಡಿಸಿಕೊಂಡರು. ಅವರು ನಡೆಸಿದ ಲೂಟಿ, ಕೊಲೆಗಳಿಗೆ ಸಮರ್ಥನೆಯಿಲ್ಲ. ಅದೇ ಮೇ ತಿಂಗಳಲ್ಲಿ ನೈರುತ್ಯದ ಜಾಂಗಾ ಬಯಲಿನಲ್ಲಿ ದಂತಕ್ಕಾಗಿ 26 ಆನೆಗಳನ್ನು ಕೊಲ್ಲಲಾಯಿತು. ಪ್ರತೀಕಾರಕ್ಕೆಂದು ಎದ್ದ ಆಂಟಿ-ಬಾಲಾಕಾ ಗುಂಪುಗಳ ಕೈಯಲ್ಲಿದ್ದುದು ಮಚ್ಚು ಮತ್ತು ಹಳ್ಳಿಗರು ಬೇಟೆಗೆ ಬಳಸುವ ನಾಡಕೋವಿ. ಜಿಂಕೆಗೆ ಗುರಿಯಿಡುತ್ತಿದ್ದ ಆ ಕೋವಿ ನೆರೆಮನೆಯವನತ್ತ ತಿರುಗಿತು. ವ್ಯಾಪಾರಿಗಳು, ದನಗಾಹಿಗಳು ಸೇರಿದಂತೆ ಲಕ್ಷಾಂತರ ಮುಸ್ಲಿಮರು ಚಾಡ್ ಮತ್ತು ಕ್ಯಾಮರೂನ್‌ಗೆ ಓಡಿದರು. ವಿದೇಶಿ ಶಿಕಾರಿಗಳೂ ಹೊರಟುಹೋದರು. ಅವರು ಹೋದದ್ದು ತಮ್ಮ ಮನೆಗೆ, ಇವರು ಬಿಟ್ಟುಹೋದದ್ದು ತಮ್ಮ ಮನೆಯನ್ನು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಹಿಂದೆ ಬೇಟೆ ವಲಯವಾಗಿದ್ದ ಪೂರ್ವದ ಚಿಂಕೊ ಕಾಡನ್ನು 2014ರ ಕೊನೆಯಲ್ಲಿ ಆಫ್ರಿಕನ್ ಪಾರ್ಕ್ಸ್ ಎಂಬ ಸಂಸ್ಥೆ ಸರಕಾರದೊಂದಿಗಿನ ಒಪ್ಪಂದದಂತೆ ವಹಿಸಿಕೊಂಡು ಸಂರಕ್ಷಿತ ಪ್ರದೇಶವಾಗಿಸಿತು. ಸ್ಥಳೀಯರಿಗೆ ಅಲ್ಲಿ ಕಾವಲಿನ ಕೆಲಸ ಸಿಕ್ಕಿತು. 2017ರಲ್ಲಿ ಸುತ್ತಲಿನ ಪಟ್ಟಣಗಳಲ್ಲಿ ಹಿಂಸೆ ಭುಗಿಲೆದ್ದಾಗ 300ಕ್ಕೂ ಹೆಚ್ಚು ನಿರಾಶ್ರಿತರು ಆ ಕಾಡಿನಲ್ಲಿ ಆಶ್ರಯ ಪಡೆದರು. ಅವರಲ್ಲಿ ಬಹುತೇಕರು ಹೆಂಗಸರು ಮತ್ತು ಮಕ್ಕಳು. ಅತಿಥಿಯ ಕ್ಷೇಮಕ್ಕಾಗಿ ಮಾತ್ರ ಕಾಯಲಾಗುತ್ತಿದ್ದ ನೆಲ ಆ ಮಣ್ಣಿನ ಮಕ್ಕಳನ್ನೂ ಕಾಯಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಬೇಟೆಗೆ ಹೋಗುವುದು ಸುರಕ್ಷಿತವೇ ಎಂದು ಕೇಳುವವರನ್ನು ನಾವು ದೂಷಿಸುವುದಿಲ್ಲ. ಜೀವದ ಮೇಲಿನ ಆಸೆ ಎಲ್ಲರಿಗೂ ಒಂದೇ. ಆದರೆ ಶಿಕಾರಿಯ ಮುಂದೆ ನಡೆಯುವ ಹೆಜ್ಜೆಗಾರ ಸಂಜೆ ತನ್ನ ಹಳ್ಳಿಗೆ ಹೋಗಿ ನಿಶ್ಚಿಂತೆಯಿಂದ ನಿದ್ರಿಸಬಲ್ಲನೇ ಎಂದೂ ಅವರು ಕೇಳಲಿ. ಆತನಿಗೆ ಸುರಕ್ಷಿತವಲ್ಲದ ನೆಲ ಅತಿಥಿಗೂ ಬಹುಕಾಲ ಸುರಕ್ಷಿತವಾಗಿ ಉಳಿಯಲಾರದೆಂದು ಮಧ್ಯ ಆಫ್ರಿಕಾದ ನೂರು ವರ್ಷಗಳ ಚರಿತ್ರೆ ಹೇಳುತ್ತಿದೆ.